ಸಾರಣೆ ಮತ್ತು ಕಾರಣೆ

ಏಳು ವರ್ಷಗಳ ಹಿಂದೆ, ಸಂಕ್ರಾಂತಿಯ ಮುನ್ನಾದಿನ, ನಮ್ಮ ಶಾಲೆಯ ಅಂಗಳದಲ್ಲಿ ಐದನೆಯ ತರಗತಿಯ ಮಕ್ಕಳು ಆರು ರಂಗೋಲಿಗಳನ್ನು ಬಿಡಿಸಿದ್ದರು. ಪ್ರತಿ ಗುಂಪಿಗೂ 4 ಅಡಿ ಉದ್ದ, 4 ಅಡಿ ಅಗಲದ ಚೌಕವನ್ನು ಸುಣ್ಣದ ಗೆರೆಯಲ್ಲಿ ನಾನೇ ಎಳೆದುಕೊಟ್ಟಿದ್ದೆ. ಒಳಗೆ ಕಬ್ಬಿನ ಜಲ್ಲೆ, ಎಳ್ಳುಬೆಲ್ಲದ ತಟ್ಟೆ, ಕಿಚ್ಚು ಹಾಯುವ ಎತ್ತು. ಪಕ್ಕದಲ್ಲಿ ಒಂದು ರಟ್ಟಿನ ತುಂಡು, ಅದರ ಮೇಲೆ ‘ಸುತ್ತಳತೆ 16 ಅಡಿ, ವಿಸ್ತೀರ್ಣ 16 ಚದರ ಅಡಿ’ ಎಂಬ ಬರಹ. ಆರೂ ಗುಂಪಿನ ಉತ್ತರ ಸರಿಯಾಗಿತ್ತು. ನೋಡಲು ಬಂದ ತಂದೆತಾಯಂದಿರು ಮೆಚ್ಚಿದರು, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಗಣಿತದ ಪಾಠವೊಂದು ಹಬ್ಬದ ಜೊತೆಗೆ ಇಷ್ಟು ಚೆನ್ನಾಗಿ ಕೂಡಿಬಂತಲ್ಲ ಎಂದು ನನಗೂ ಸಮಾಧಾನವಾಗಿತ್ತು. ಎಲ್ಲರೂ ಹೊರಟ ಮೇಲೆ, ಉಳಿದ ಬಣ್ಣವನ್ನು ಪೊಟ್ಟಣ ಕಟ್ಟುತ್ತಿದ್ದ ಒಬ್ಬ ಹುಡುಗಿ ನನ್ನ ಬಳಿ ಬಂದು ಮೆಲ್ಲಗೆ ಕೇಳಿದಳು: “ಮಿಸ್, ಎರಡೂ ಒಂದೇ ಅಲ್ವಾ? ಮತ್ಯಾಕೆ ಎರಡು ಹೆಸರು?”

ಒಂದೇ ಅಲ್ಲ, ಒಂದು ಸುತ್ತಲಿನ ಅಳತೆ, ಇನ್ನೊಂದು ಒಳಗಿನ ಜಾಗದ ಅಳತೆ ಎಂದು ಪುಸ್ತಕದ ಮಾತನ್ನೇ ಹೇಳಿದೆ. ಅವಳ ಮುಖದಲ್ಲಿ ಅದು ಇಳಿದಂತೆ ಕಾಣಲಿಲ್ಲ. ಬೇರೆ ಅಳತೆಯೊಂದನ್ನು ಕೊಟ್ಟರೆ ತಾನೇ ತಿಳಿದೀತು ಎಂದುಕೊಂಡು, ಗಣೇಶನ ಹಬ್ಬದಲ್ಲಿ ನಾವು ಕಟ್ಟಿದ್ದ ಮಂಟಪವನ್ನು ನೆನಪಿಸಿದೆ. ಅದರ ನೆಲ 6 ಅಡಿ ಉದ್ದ, 3 ಅಡಿ ಅಗಲ. ಅವಳು ಕುಕ್ಕರಗಾಲಿನಲ್ಲಿ ಕುಳಿತು ಮಣ್ಣಿನ ಮೇಲೆ ಬೆರಳಿನಿಂದ ಲೆಕ್ಕ ಮಾಡಿದಳು. ಆರು ಮೂರಲ ಹದಿನೆಂಟು. ಆರು, ಮೂರು, ಆರು, ಮೂರನ್ನು ಕೂಡಿದರೆ ಅದೂ ಹದಿನೆಂಟು. ತಲೆಯೆತ್ತಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಗೆದ್ದ ಭಾವವೇನೂ ಇರಲಿಲ್ಲ. ಮಿಸ್ ಏನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನವಿತ್ತು.

ಆ ರಾತ್ರಿ ಎಳ್ಳು ಬೀರಲು ಕೊಬ್ಬರಿ ಹೆಚ್ಚುವ ಕೆಲಸವನ್ನು ಬದಿಗಿಟ್ಟು ಕಾಗದ ಹಿಡಿದು ಕುಳಿತೆ. ಬಾಹುಗಳೆಲ್ಲ ಪೂರ್ಣಸಂಖ್ಯೆಗಳಾಗಿದ್ದು, ಸುತ್ತಳತೆಗೂ ವಿಸ್ತೀರ್ಣಕ್ಕೂ ಒಂದೇ ಸಂಖ್ಯೆ ಬರುವ ಆಯತಗಳು ಎಷ್ಟಿರಬಹುದು? ಸಮೀಕರಣವನ್ನು ಸ್ವಲ್ಪ ತಿರುಗಿಸಿದರೆ ಉತ್ತರ ಸುಲಭವಾಗಿ ಸಿಗುತ್ತದೆ. ಉದ್ದದಿಂದ 2, ಅಗಲದಿಂದ 2 ಕಳೆದು, ಉಳಿದ ಎರಡು ಸಂಖ್ಯೆಗಳನ್ನು ಗುಣಿಸಿದರೆ 4 ಬರಬೇಕು. ಹಾಗೆ ಬರುವುದು 2ನ್ನು 2ರಿಂದ ಗುಣಿಸಿದಾಗ, ಇಲ್ಲವೇ 4ನ್ನು 1ರಿಂದ ಗುಣಿಸಿದಾಗ. ಅಂದರೆ ಅಂಥ ಆಯತಗಳು ಎರಡೇ: ನಾಲ್ಕು ನಾಲ್ಕರದು ಮತ್ತು ಆರು ಮೂರರದು. ಇಡೀ ಗಣಿತದಲ್ಲಿ ಎರಡೇ ಎರಡು ಇರುವ ಆಯತಗಳನ್ನು ನಾನು ಆ ಮಗುವಿನ ಮುಂದೆ ಒಂದರ ಹಿಂದೊಂದು ಇಟ್ಟಿದ್ದೆ.

ರಜೆ ಮುಗಿದು ಶಾಲೆ ತೆರೆದ ದಿನ ಅದೇ ಚೌಕವನ್ನು ಅವಳಿಂದ ಇಂಚಿನಲ್ಲಿ ಅಳೆಸಿದೆ. ಒಂದು ಬದಿ 48 ಇಂಚು. ಸುತ್ತಳತೆ 192 ಇಂಚು, ವಿಸ್ತೀರ್ಣ 2,304 ಚದರ ಇಂಚು. ನೆಲದ ಮೇಲಿನ ಚೌಕ ಬದಲಾಗಲಿಲ್ಲ, ಆದರೆ ಒಂದೇ ಆಗಿದ್ದ ಸಂಖ್ಯೆಗಳು ದೂರದೂರ ಹೋದವು. ಅವಳಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಆರು ಗುಂಪುಗಳು ಸರಿಯುತ್ತರ ಬರೆದಿದ್ದವು. ಆದರೆ ಅವುಗಳಲ್ಲಿ ಎಷ್ಟು ಮಕ್ಕಳು ಸುತ್ತಳತೆಯನ್ನು ವಿಸ್ತೀರ್ಣವೆಂದು, ವಿಸ್ತೀರ್ಣವನ್ನು ಸುತ್ತಳತೆಯೆಂದು ತಿಳಿದುಕೊಂಡೇ ಆ 16ನ್ನು ಬರೆದಿದ್ದರೋ ತಿಳಿಯುವ ದಾರಿಯನ್ನು ನಾನೇ ಮುಚ್ಚಿಬಿಟ್ಟಿದ್ದೆ. ಆ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಹಬ್ಬ ತೆಗೆದರೂ ಉಳಿಯುವ ಲೆಕ್ಕ

ಹಬ್ಬದ ಚಟುವಟಿಕೆ ಎಂದರೆ ನಮ್ಮ ಕಡೆಯ ಪ್ರಾಥಮಿಕ ಶಾಲೆಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ಶಿಕ್ಷಕರಿಗೆ ವಿವರಿಸಬೇಕಿಲ್ಲ. ಚೌಕುಳಿ ಹಾಳೆಯ ಮೇಲೆ ಹಣತೆಯ ಚಿತ್ರ, ಚೌಕಗಳನ್ನು ಎಣಿಸಿ ಬಣ್ಣ ತುಂಬುವುದು. ಕ್ರಿಸ್‌ಮಸ್ ಮರದ ಚಿತ್ರ, ಅದರ ಬದಿಗಳನ್ನು ಕೂಡುವುದು. ಬಾವುಟದ ಉದ್ದಗಲ ಕೊಟ್ಟು ವಿಸ್ತೀರ್ಣ ಕೇಳುವುದು. ನಾನೂ ಇವನ್ನೆಲ್ಲ ವರ್ಷಗಟ್ಟಲೆ ಮಾಡಿಸಿದ್ದೇನೆ, ಗೋಡೆಗೆ ಅಂಟಿಸಿದ್ದೇನೆ. ಮಕ್ಕಳು ಇವನ್ನು ಇಷ್ಟಪಡುತ್ತಾರೆ ಎಂಬುದು ನಿಜ. ಆದರೆ ಅವರು ಇಷ್ಟಪಡುವುದು ಬಣ್ಣವನ್ನು. ಹಣತೆಯನ್ನು ಅಳಿಸಿ ಅಲ್ಲೊಂದು ಬಕೆಟ್ಟಿನ ಚಿತ್ರ ಇಟ್ಟರೂ ಲೆಕ್ಕ ಹಾಗೇ ನಡೆಯುತ್ತದೆ. ಹಣತೆಗೆ ತನ್ನ ವಿಸ್ತೀರ್ಣ ಗೊತ್ತಾಗಬೇಕಾದ ಅಗತ್ಯವೇ ಇಲ್ಲ. ಎಷ್ಟು ಎಣ್ಣೆ ಹಿಡಿಯುತ್ತದೆ ಎಂಬುದಷ್ಟೇ ಅದರ ಪ್ರಶ್ನೆ.

ಅಂದಿನಿಂದ ನಾನು ಒಂದು ಪರೀಕ್ಷೆಯನ್ನು ಇಟ್ಟುಕೊಂಡಿದ್ದೇನೆ. ಹಬ್ಬವನ್ನು ಕಿತ್ತು ತೆಗೆದರೂ ಲೆಕ್ಕ ಹಾಗೇ ಉಳಿದರೆ ಆ ಚಟುವಟಿಕೆ ತರಗತಿಗೆ ಬೇಡ. ಹಬ್ಬದ ಕೆಲಸ ಮುಂದೆ ಸಾಗಬೇಕಾದರೆ ಸುತ್ತಳತೆಯೋ ವಿಸ್ತೀರ್ಣವೋ ಗೊತ್ತಾಗಲೇಬೇಕು, ಗೊತ್ತಾಗದಿದ್ದರೆ ತೋರಣ ಅರ್ಧಕ್ಕೆ ನಿಲ್ಲಬೇಕು, ಕಾಗದ ಸಾಲದೆ ಬರಬೇಕು. ಎರಡರಲ್ಲಿ ಯಾವುದು ಬೇಕು ಎಂಬುದನ್ನು ನಾನು ಹೇಳಬಾರದು, ಕೆಲಸವೇ ಹೇಳಬೇಕು. ಪುಸ್ತಕದ ಪ್ರಶ್ನೆಯಲ್ಲಿ ‘ಸುತ್ತಳತೆ ಕಂಡುಹಿಡಿಯಿರಿ’ ಎಂದು ಬರೆದುಬಿಟ್ಟ ಮೇಲೆ ಮಗುವಿಗೆ ಉಳಿಯುವುದು ಕೂಡುವ ಕೆಲಸ ಮಾತ್ರ. ಯಾವುದನ್ನು ಕಂಡುಹಿಡಿಯಬೇಕು ಎಂದು ತೀರ್ಮಾನಿಸುವುದೇ ಈ ಪಾಠದ ಮುಕ್ಕಾಲು ಭಾಗ ಎಂದು ಈಗ ನನಗನ್ನಿಸುತ್ತದೆ.

ಹೀಗೆ ಯೋಚಿಸುತ್ತಿದ್ದಾಗ ನೆನಪಾದದ್ದು ನಮ್ಮಜ್ಜಿಯ ಮಾತು. ಬೇಲೂರು ತಾಲ್ಲೂಕಿನ ನಮ್ಮೂರಿನ ಮನೆಯಲ್ಲಿ ಹಬ್ಬಕ್ಕೆ ವಾರವಿದೆ ಎನ್ನುವಾಗಲೇ ಅಜ್ಜಿ “ಸಾರಣೆ ಕಾರಣೆ ಆಗ್ಬೇಕು ಕಣ್ರೇ” ಎಂದು ಹೆಂಗಸರನ್ನೆಲ್ಲ ಎಬ್ಬಿಸುತ್ತಿದ್ದರು. ಸಾರಣೆಯೆಂದರೆ ಸಗಣಿಯ ಬಗ್ಗಡದಿಂದ ನೆಲವನ್ನೆಲ್ಲ ಬಳಿಯುವುದು. ಕಾರಣೆಯೆಂದರೆ ಗೋಡೆಯ ಬುಡಕ್ಕೆ, ಹೊಸ್ತಿಲ ಬದಿಗೆ, ಜಗಲಿಯ ಅಂಚಿಗೆ ಕೆಮ್ಮಣ್ಣು ಸುಣ್ಣದ ಪಟ್ಟೆ ಎಳೆಯುವುದು. ಸಾರಣೆಗೆ ಮಂಕರಿಗಟ್ಟಲೆ ಸಗಣಿ ಬೇಕು. ಕಾರಣೆಗೆ ಒಂದು ಚಿಪ್ಪಿನಲ್ಲಿ ಕಲಸಿದ ಕೆಮ್ಮಣ್ಣು ಎಷ್ಟೋ ದೂರ ಬರುತ್ತದೆ. ಇದನ್ನು ಅಜ್ಜಿ ಲೆಕ್ಕವೆಂದು ಎಂದೂ ಕರೆಯಲಿಲ್ಲ, ಆದರೆ ಪಡಸಾಲೆಗೆ ಎಷ್ಟು ಸಗಣಿ ತರಬೇಕು ಎಂದು ಕೇಳಿದರೆ ಆಕೆ ನೆಲದ ಕಡೆ ನೋಡುತ್ತಿದ್ದರು, ಕೆಮ್ಮಣ್ಣು ಎಷ್ಟು ಕಲಸಬೇಕು ಎಂದರೆ ಗೋಡೆಯ ಬುಡದ ಉದ್ದಕ್ಕೂ ಕಣ್ಣು ಹಾಯಿಸುತ್ತಿದ್ದರು. ನಾನು ಕಲಿಸಲು ಹೆಣಗುತ್ತಿದ್ದ ಭೇದ ಒಂದು ಜೋಡಿಪದವಾಗಿ ನಮ್ಮ ಮನೆಯಲ್ಲೇ ಇತ್ತು.

ಪದಗಳ ವಿಷಯ ಬಂದದ್ದರಿಂದ ಇದನ್ನೂ ಹೇಳಬೇಕು. ಸುತ್ತಳತೆ ಎಂಬ ಪದ ತನ್ನ ಅರ್ಥವನ್ನು ತಾನೇ ಹೇಳುತ್ತದೆ: ಸುತ್ತು, ಅಳತೆ. ವಿಸ್ತೀರ್ಣ ಹಾಗಲ್ಲ, ಹತ್ತು ವರ್ಷದ ಮಗುವಿಗೆ ಅದು ಬಾಯಿಪಾಠ ಮಾಡಬೇಕಾದ ಶಬ್ದ, ಅದರೊಳಗೆ ಹೆಜ್ಜೆಯಿಡಲು ಜಾಗವಿಲ್ಲ. ಪರೀಕ್ಷೆಗೆ ಆ ಪದ ಬೇಕೇ ಬೇಕಾದ್ದರಿಂದ ಅದನ್ನು ಬಿಡಿಸುವುದಿಲ್ಲ, ಆದರೆ ಮೊದಲ ಹದಿನೈದು ದಿನ ನಾನು ತರಗತಿಯಲ್ಲಿ ‘ಹರವು’ ಎನ್ನುತ್ತೇನೆ. ರಾಗಿಯನ್ನು ಬಿಸಿಲಿಗೆ ಹರವುವುದನ್ನು ನೋಡದ ಮಗು ನಮ್ಮ ಶಾಲೆಯಲ್ಲಿಲ್ಲ. ‘ಚದರ’ ಎಂಬುದರಲ್ಲೂ ಒಂದು ತೊಡಕಿದೆ. ಮನೆ ಕಟ್ಟುವ ಮೇಸ್ತ್ರಿಗಳು ಒಂದು ಚದರ ಎಂದರೆ 100 ಚದರ ಅಡಿ. ‘ಹತ್ತು ಚದರದ ಮನೆ’ ಎಂದರೆ 1,000 ಚದರ ಅಡಿಯ ಮನೆ. ಗಾರೆ ಕೆಲಸದವರ ಮಕ್ಕಳು ನನ್ನ ಚದರ ಅಡಿಯನ್ನು ತಮ್ಮಪ್ಪನ ಚದರದೊಂದಿಗೆ ಬೆರೆಸುವುದನ್ನು ಕಂಡ ಮೇಲೆ, ಆ ಎರಡನ್ನೂ ಮೊದಲ ದಿನವೇ ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆಯುತ್ತೇನೆ.

ರಂಗೋಲಿಯನ್ನೂ ಬಿಡಲಿಲ್ಲ, ಬೇರೆ ರೀತಿಯಲ್ಲಿ ಮಾಡಿಸಿದೆ. ಬಿಳಿಯ ಪುಡಿಯಲ್ಲಿ ಅಂಚಿನ ಗೆರೆ ಎಳೆಯುತ್ತೇವೆ, ಬಣ್ಣದ ಪುಡಿಯನ್ನು ಒಳಗೆ ತುಂಬುತ್ತೇವೆ. ಎರಡನ್ನೂ ಲೋಟದಲ್ಲಿ ಅಳೆದುಕೊಟ್ಟು, ಬೇರೆ ಬೇರೆ ಆಕಾರದ ಆಯತಗಳನ್ನು ಮಾಡಿಸಿದರೆ, ಒಂದು ಗುಂಪಿಗೆ ಬಿಳಿ ಬೇಗ ಮುಗಿಯುತ್ತದೆ, ಇನ್ನೊಂದಕ್ಕೆ ಬಣ್ಣ. ಯಾಕೆ ಮುಗಿಯಿತು ಎಂದು ಮಕ್ಕಳೇ ಕೇಳಿಕೊಳ್ಳುವ ಹೊತ್ತಿಗೆ ಪಾಠ ಶುರುವಾಗಿರುತ್ತದೆ. ಚುಕ್ಕಿ ರಂಗೋಲಿಯಲ್ಲಿ ಮಾತ್ರ ಎಚ್ಚರ ಬೇಕು. ಐದು ಚುಕ್ಕಿ ಐದು ಸಾಲು ಇಟ್ಟರೆ ಬದಿಗೆ ನಾಲ್ಕೇ ಮನೆಗಳು ಸಿಗುತ್ತವೆ; ಮಕ್ಕಳು ಚುಕ್ಕಿಯನ್ನೇ ಉದ್ದವೆಂದು ಎಣಿಸಿ 25 ಎನ್ನುತ್ತಾರೆ. ಆದರೆ ಅಂಚಿನ ಚುಕ್ಕಿಗಳನ್ನು ಸುತ್ತಲೂ ಎಣಿಸಿದರೆ 16, ಸುತ್ತಳತೆಯೂ 16! ಸುತ್ತಿಬಂದು ಕೂಡುವ ಗೆರೆಯಲ್ಲಿ ಚುಕ್ಕಿಗಳಷ್ಟೇ ನಡುವಿನ ಅಂತರಗಳೂ ಇರುತ್ತವೆ, ನೇರ ಗೆರೆಯಲ್ಲಿ ಒಂದು ಕಡಿಮೆ. (ಇಂಥ ಚುಕ್ಕಿಗಳನ್ನು ಸೇರಿಸಿ ಬರೆದ ಯಾವುದೇ ಬಹುಭುಜದ ವಿಸ್ತೀರ್ಣವನ್ನು ಚುಕ್ಕಿ ಎಣಿಸಿಯೇ ಹೇಳಬಹುದೆಂದು ಆಸ್ಟ್ರಿಯಾದ ಗಣಿತಜ್ಞ ಗೇಯಾರ್ಗ್ ಪಿಕ್ 1899ರಲ್ಲಿ ತೋರಿಸಿಕೊಟ್ಟರು: ಒಳಗಿನ ಚುಕ್ಕಿಗಳಿಗೆ ಅಂಚಿನ ಚುಕ್ಕಿಗಳ ಅರ್ಧವನ್ನು ಕೂಡಿ ಒಂದನ್ನು ಕಳೆಯಬೇಕು. ನಮ್ಮ ಚೌಕಕ್ಕೆ 9, 8 ಕೂಡಿ, 1 ಕಳೆದರೆ 16. ನಮ್ಮೂರಿನ ಹೆಂಗಸರ ಕೈಯಲ್ಲಿ ದಿನವೂ ಆಡುವ ಚುಕ್ಕಿಗಳಲ್ಲಿ ಇಷ್ಟು ಅಡಗಿದೆ ಎಂದು ತಿಳಿದ ದಿನ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ.)

ಆಕಾಶಬುಟ್ಟಿ

ಹಾಸನದಲ್ಲಿ ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುವ ಆ ದಿನಗಳಲ್ಲಿ ನಮ್ಮ ತರಗತಿಯ ಅರ್ಧ ಮಕ್ಕಳು ಒಂದಲ್ಲ ಒಂದು ದಿನ ದರ್ಶನದ ಸಾಲಿಗೆಂದು ರಜೆ ಹಾಕುತ್ತಾರೆ. ಉಳಿದವರನ್ನು ಕೂರಿಸಿಕೊಂಡು ಹೊಸ ಪಾಠ ಮಾಡಲು ಮನಸ್ಸು ಬರುವುದಿಲ್ಲ. ಅಂಥ ಒಂದು ವಾರ ದೀಪಾವಳಿಗೆ ಆಕಾಶಬುಟ್ಟಿ ಮಾಡಲು ತೊಡಗಿದೆವು. ಘನಾಕೃತಿಯ ಸರಳ ಬುಟ್ಟಿ, 20 ಸೆಂ.ಮೀ. ಉದ್ದದ ಹನ್ನೆರಡು ಬಿದಿರು ಕಡ್ಡಿಗಳು, ಮೇಲೆ ಕೆಳಗೆ ತೆರೆದಿಟ್ಟು ನಾಲ್ಕು ಬದಿಗೆ ಬಣ್ಣದ ಕಾಗದ. ಅಂಗಡಿಯಿಂದ ತಂದ ಹಾಳೆಯನ್ನು ಅಳೆದರೆ 70 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ. ಒಂದು ಹಾಳೆಯಲ್ಲಿ 20ರ ಚೌಕಗಳು ಆರು ಬರುತ್ತವೆ, ಬುಟ್ಟಿಗೆ ನಾಲ್ಕು ಸಾಕು. ಕಡ್ಡಿ ಎಷ್ಟು ಬೇಕು, ಕಾಗದ ಎಷ್ಟು ಬೇಕು ಎಂದು ಮೊದಲೇ ಚೀಟಿಯಲ್ಲಿ ಬರೆದುಕೊಟ್ಟವರಿಗೆ ಮಾತ್ರ ಸಾಮಾನು ಕೊಡುವುದಾಗಿ ಹೇಳಿದ್ದೆ.

ಮೂವರು ಹುಡುಗರ ಒಂದು ಗುಂಪು ತಮ್ಮ ಬುಟ್ಟಿ ಎಲ್ಲರದಕ್ಕಿಂತ ಎರಡರಷ್ಟು ದೊಡ್ಡದಿರಬೇಕೆಂದು ಹಟ ಹಿಡಿಯಿತು. ಅವರ ಚೀಟಿಯಲ್ಲಿ ಹೀಗಿತ್ತು: ಕಡ್ಡಿ ಎರಡರಷ್ಟು, ಕಾಗದ ಎರಡರಷ್ಟು, ಅಂದರೆ ಎರಡು ಹಾಳೆ. ನಾನು ಏನನ್ನೂ ತಿದ್ದದೆ ಎರಡು ಹಾಳೆ ಕೊಟ್ಟೆ. 40 ಸೆಂ.ಮೀ.ಯ ಕಡ್ಡಿಗಳ ಚೌಕಟ್ಟು ಸರಿಯಾಗಿಯೇ ನಿಂತಿತು. ಕಡ್ಡಿಯ ಲೆಕ್ಕ ತಪ್ಪಿರಲಿಲ್ಲ. ಆಮೇಲೆ ಮೊದಲ ಹಾಳೆಯಿಂದ 40ರ ಒಂದು ಚೌಕ ಕತ್ತರಿಸಿದರು, ಎರಡನೆಯದರಿಂದ ಇನ್ನೊಂದು. ಎರಡು ಬದಿ ಮುಚ್ಚಿತು, ಎರಡು ಬದಿ ತೆರೆದೇ ಉಳಿಯಿತು. ಸುತ್ತ ಬಿದ್ದ ಕಾಗದದ ಪಟ್ಟಿಗಳ ನಡುವೆ ಮೂವರೂ ಸುಮ್ಮನೆ ಕುಳಿತರು. ಉಳಿದ ಗುಂಪಿನವರೂ ಬಂದು ಸೇರಿದರು.

ಚಿಕ್ಕ ಬುಟ್ಟಿ ಮಾಡಿದ್ದ ಹುಡುಗಿಯೊಬ್ಬಳು ತನ್ನ 20ರ ಚೌಕಗಳನ್ನು ತಂದು ಅವರ ದೊಡ್ಡ ಚೌಕದ ಮೇಲೆ ಜೋಡಿಸಿದಳು. ಎರಡು ಸಾಲದಾಯಿತು, ನಾಲ್ಕು ಬೇಕಾಯಿತು. ಬದಿ ಎರಡರಷ್ಟಾದರೆ ಅಂಚು ಎರಡರಷ್ಟಾಗುತ್ತದೆ, ಹರವು ನಾಲ್ಕರಷ್ಟಾಗುತ್ತದೆ ಎಂಬ ಮಾತನ್ನು ನಾನು ಅಲ್ಲಿ ಹೇಳಲೇ ಇಲ್ಲ. ಅದು ಅವರ ಕಣ್ಣ ಮುಂದೆಯೇ ಹಾಸಿತ್ತು. ಹಾಗಾದರೆ ಎಷ್ಟು ಕಾಗದ ಬೇಕು ಎಂದು ಲೆಕ್ಕ ಹಾಕಿದರು. ನಾಲ್ಕು ಬದಿಗೆ 1,600ರಂತೆ 6,400 ಚದರ ಸೆಂ.ಮೀ. ಕೊಟ್ಟಿದ್ದ ಎರಡು ಹಾಳೆಗಳು 3,500ರಂತೆ 7,000. ಇಲ್ಲಿ ತರಗತಿ ಎರಡನೆಯ ಸಲ ಮೌನವಾಯಿತು. ಕಾಗದ ಬೇಕಾದ್ದಕ್ಕಿಂತ ಹೆಚ್ಚೇ ಇದೆ, ಆದರೂ ಸಾಲುತ್ತಿಲ್ಲ. ಚೀಟಿಯ ಎರಡು ಹಾಳೆ ತಪ್ಪು ಯೋಚನೆಯಿಂದ ಬಂದಿತ್ತು, ಆದರೆ ಸಂಖ್ಯೆ ಸರಿಯಾಗಿಯೇ ಇತ್ತು! ನಾನು ಇದನ್ನು ಮೊದಲೇ ಯೋಚಿಸಿಟ್ಟಿರಲಿಲ್ಲ. ಅವರ ಜೊತೆಗೆ ನಾನೂ ಆ ಹರಿದ ಹಾಳೆಗಳನ್ನು ನೋಡುತ್ತಾ ನಿಂತಿದ್ದೆ.

ದಾರಿ ತೋರಿಸಿದವನು ಹಿಂದಿನ ಸಾಲಿನಲ್ಲಿ ಕೂರುವ, ಗಣಿತದಲ್ಲಿ ಬಾಯಿ ಬಿಡದ ಒಬ್ಬ ಹುಡುಗ. ಅವನ ತಂದೆ ಬಸ್‌ಸ್ಟ್ಯಾಂಡಿನ ಬಳಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದಾರೆ. “ಬಟ್ಟೆ ಸಾಲ್ದಿದ್ರೆ ನಮ್ಮಪ್ಪ ತುಂಡು ಸೇರಿಸ್ತಾರೆ ಮಿಸ್” ಎಂದು ಹೇಳಿ, ನೆಲದ ಮೇಲಿದ್ದ ಚೂರುಗಳನ್ನು ಕೈಯಲ್ಲೇ ಜೋಡಿಸತೊಡಗಿದ. 40ರ ಚೌಕ ಕತ್ತರಿಸಿದ ಮೇಲೆ ಒಂದು ಹಾಳೆಯಲ್ಲಿ 40ಕ್ಕೆ 30ರ ತುಂಡೊಂದು, 70ಕ್ಕೆ 10ರ ಪಟ್ಟಿಯೊಂದು ಉಳಿದಿತ್ತು. ಪಟ್ಟಿಯಲ್ಲಿ 40 ಸೆಂ.ಮೀ. ಕತ್ತರಿಸಿ 30ರ ತುಂಡಿನ ಪಕ್ಕಕ್ಕಿಟ್ಟ. ಸರಿಯಾಗಿ 40ಕ್ಕೆ 40. ಎರಡು ಹಾಳೆಯಿಂದ ನಾಲ್ಕು ಬದಿ, ಜೊತೆಗೆ 30ಕ್ಕೆ 10ರ ಎರಡು ಚೂರು ಉಳಿಕೆ. ಕೂಡಿಸಿದರೆ 600, ಅಂದರೆ 7,000ದಲ್ಲಿ 6,400 ಕಳೆದದ್ದು. ಆ ಚೂರುಗಳನ್ನೇ ಸಣ್ಣ ಪಟ್ಟಿಗಳಾಗಿ ಕತ್ತರಿಸಿ ಒಳಗಿನಿಂದ ಸಂದಿಗೆ ಅಂಟಿಸಿದರು. ಸಂಜೆ ಬಲ್ಬು ಹಾಕಿದಾಗ ಎರಡು ಬದಿಗಳಲ್ಲಿ ಅಂಚಿನಿಂದ ಸ್ವಲ್ಪ ಒಳಗೆ ಸೀರೆಯ ಕರೆಯಂತೆ ಒಂದು ಗಾಢವಾದ ಗೆರೆ ಕಾಣುತ್ತಿತ್ತು. ಆ ಬುಟ್ಟಿ ಕಾರ್ತಿಕ ಮುಗಿಯುವವರೆಗೂ ಶಾಲೆಯ ಜಗಲಿಯಲ್ಲಿ ತೂಗುತ್ತಿತ್ತು.

ವಿಸ್ತೀರ್ಣ ಸಾಕಷ್ಟಿದೆ ಎಂದರೆ ಕೆಲಸವಾಗುತ್ತದೆ ಎಂದಲ್ಲ, ಅದು ಯಾವ ಆಕಾರದಲ್ಲಿದೆ ಎಂಬುದೂ ಮುಖ್ಯ. ಹೆಂಚು ಹಾಕುವವರಿಗೆ, ಟೈಲ್ಸ್ ಕೂರಿಸುವವರಿಗೆ, ಬಟ್ಟೆ ಕತ್ತರಿಸುವವರಿಗೆ ಇದು ದಿನದ ಅನುಭವ. ಪುಸ್ತಕದ ‘ಎಷ್ಟು ಟೈಲ್ಸ್ ಬೇಕು’ ಎಂಬ ಲೆಕ್ಕದಲ್ಲಿ ಮಾತ್ರ ದೊಡ್ಡ ಸಂಖ್ಯೆಯನ್ನು ಚಿಕ್ಕದರಿಂದ ಭಾಗಿಸಿದರೆ ಮುಗಿಯಿತು, ಶೇಷವೇ ಬರದಂತೆ ಅಳತೆಗಳನ್ನು ಮೊದಲೇ ಸವರಿಟ್ಟಿರುತ್ತಾರೆ.

ದಿಕ್ಕಿರುವ ನೆಲ

ಹಬ್ಬದ ಪಾಠ ಎಂದಾಗ ಯಾರ ಹಬ್ಬ ಎಂಬ ಪ್ರಶ್ನೆಯನ್ನು ಬದಿಗಿಡುವುದು ಸಾಧ್ಯವಿಲ್ಲ. ನಮ್ಮ ತರಗತಿಯಲ್ಲಿ ಮುಸ್ಲಿಂ ಮಕ್ಕಳಿದ್ದಾರೆ, ಕಾಫಿ ತೋಟದ ಲೈನ್‌ಮನೆಗಳಿಂದ ಬರುವ ಕ್ರೈಸ್ತ ಮಕ್ಕಳಿದ್ದಾರೆ. ಡಿಸೆಂಬರಿನಲ್ಲಿ ಗೋದಲಿ ಕಟ್ಟುವಾಗ ಹುಲ್ಲು ಹಾಸಲು ಎಷ್ಟು ಜಾಗ, ಸುತ್ತ ಬೇಲಿಗೆ ಎಷ್ಟು ಕಡ್ಡಿ ಎಂಬ ಲೆಕ್ಕ ತಾನಾಗಿಯೇ ಬಂತು. ಅದರಲ್ಲಿ ಹೇಳುವಂಥ ವಿಶೇಷವೇನೂ ನಡೆಯಲಿಲ್ಲ. ರಂಜಾನ್ ಮಾರ್ಚ್ ಕೊನೆಗೆ ಬಂದ ವರ್ಷ ನಡೆದದ್ದು ಬೇರೆ.

ಹಬ್ಬದ ದಿನ ಈದ್ಗಾದಲ್ಲಿ ಅಷ್ಟು ಜನ ಸಾಲಾಗಿ ಹೇಗೆ ಹಿಡಿಸುತ್ತಾರೆ ಎಂದು ಒಬ್ಬ ಹುಡುಗ ಕೇಳಿದ್ದೇ ಮೊದಲಾಯಿತು. ಒಬ್ಬ ಹುಡುಗಿ ಮರುದಿನ ತನ್ನ ಮನೆಯ ಜಾನಮಾಜನ್ನು, ಅಂದರೆ ನಮಾಜಿಗೆ ಹಾಸುವ ಚಾಪೆಯನ್ನು, ದಾರದಿಂದ ಅಳೆದುಕೊಂಡು ಬಂದಳು: 110 ಸೆಂ.ಮೀ. ಉದ್ದ, 70 ಸೆಂ.ಮೀ. ಅಗಲ. ಆ ಅಳತೆಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ಅಂಟಿಸಿ ಕತ್ತರಿಸಿದೆವು. ನಮ್ಮ ಕೊಠಡಿ ಪೂರ್ವ ಪಶ್ಚಿಮವಾಗಿ 6 ಮೀಟರ್, ಉತ್ತರ ದಕ್ಷಿಣವಾಗಿ 5 ಮೀಟರ್. ಬೆಂಚುಗಳನ್ನು ಹೊರಗಿಟ್ಟರೆ ಎಷ್ಟು ಜಾನಮಾಜ್ ಹಾಸಬಹುದು? ಭಾಗಾಕಾರ ಮಾಡಿದವರು 38 ಎಂದರು. ಹಾಸಿ ನೋಡಿದವರಲ್ಲಿ ಒಂದು ಗುಂಪು 32 ಎಂದಿತು, ಇನ್ನೊಂದು 35. ಮೂರು ಉತ್ತರ ಬಂದಾಗ ಮಕ್ಕಳು ನನ್ನ ಕಡೆ ನೋಡಿದರು. ಆ ಹುಡುಗಿ 32ರ ಗುಂಪಿನ ಹಾಳೆಗಳ ಬಳಿ ಹೋಗಿ ನಿಂತು, “ಇದು ಆಗಲ್ಲ. ನಮಾಜಿಗೆ ದಿಕ್ಕಿದೆ, ನಮ್ಮಿಷ್ಟ ಬಂದ ಹಾಗೆ ಹಾಸೋ ಹಾಗಿಲ್ಲ. ಪಶ್ಚಿಮಕ್ಕೆ ಮುಖ ಮಾಡಿ ಉದ್ದಕ್ಕೇ ಹಾಸ್ಬೇಕು” ಎಂದಳು. ಪಶ್ಚಿಮಕ್ಕೆ ಉದ್ದವಾಗಿ ಹಾಸಿದರೆ ಐದು ಸಾಲು, ಸಾಲಿಗೆ ಏಳು. 35. ಲೆಕ್ಕ ಬಿಡಿಸಿದ್ದು ಭಾಗಾಕಾರವಲ್ಲ, ಆ ಮನೆಯ ತಿಳಿವಳಿಕೆ. ತರಗತಿಯಲ್ಲಿ ತನ್ನ ಮನೆಯ ವಿಷಯವಾಗಿ ಎಂದೂ ಮಾತನಾಡದಿದ್ದ ಮಗು ಅಂದು ಹಾಳೆಗಳನ್ನು ಹೀಗಿಡಿ ಹಾಗಿಡಿ ಎಂದು ಎಲ್ಲರಿಗೂ ಹೇಳಿಕೊಡುತ್ತಿದ್ದಳು.

ಆನೆಗಳ ಸಾಲು

ಬೇಲೂರು ನಮಗೆ ದೂರವಲ್ಲ. ಚೈತ್ರದ ತೇರಿಗೆಂದು ವರ್ಷವೂ ಹೋಗುವ ಮಕ್ಕಳಿಗೆ ಚೆನ್ನಕೇಶವನ ಗುಡಿ ಹೊಸದಲ್ಲ, ಅದು 1117ರಲ್ಲಿ ವಿಷ್ಣುವರ್ಧನನ ಕಾಲದ್ದೆಂದು ಸಮಾಜ ವಿಜ್ಞಾನದ ಪಾಠದಲ್ಲಿ ಓದಿಯೂ ಇರುತ್ತಾರೆ. ಆದರೆ ಗಣಿತದ ಕಣ್ಣಿನಿಂದ ಅದನ್ನು ನೋಡಿದ್ದು ಒಂದು ಡಿಸೆಂಬರಿನ ಪ್ರವಾಸದಲ್ಲಿ. ಗುಡಿ ನಿಂತಿರುವ ಜಗತಿ ಗೋಡೆಯ ಆಕಾರವನ್ನೇ ಅನುಸರಿಸುತ್ತಾ, ಒಳಗೆ ಹೊರಗೆ ಮಡಿಚಿಕೊಂಡು ಸಾಗುತ್ತದೆ. ಅದರ ಮೇಲೆ ನಡೆಯುವವರು ಪ್ರದಕ್ಷಿಣೆ ಮಾಡುತ್ತಿರುತ್ತಾರೆ, ಅಂದರೆ ಸುತ್ತಳತೆಯನ್ನು ಹೆಜ್ಜೆಯಲ್ಲಿ ಅಳೆಯುತ್ತಿರುತ್ತಾರೆ. ಇಷ್ಟೇ ಜಾಗವನ್ನು ಸಾದಾ ಚೌಕವಾಗಿ ಕಟ್ಟಿದ್ದರೆ ಗೋಡೆ ಇಷ್ಟು ಉದ್ದ ಬರುತ್ತಿತ್ತೇ ಎಂದು ಕೇಳಿದೆ. ಯಾರೂ ಉತ್ತರಿಸಲಿಲ್ಲ. ಗೋಡೆಯ ತಳದಲ್ಲಿ ಸಾಲುಗಟ್ಟಿ ಸಾಗುವ ಆನೆಗಳನ್ನು ಎಣಿಸುತ್ತಾ ಮುಂದೆ ಹೋಗಿದ್ದ ಒಬ್ಬ ಹುಡುಗ ತಿರುಗಿ ಬಂದು, “ಮೂಲೆ ಬಂದಾಗೆಲ್ಲ ಆನೆ ಜಾಸ್ತಿ ಬೇಕಾಗುತ್ತೆ ಮಿಸ್. ಆನೆಗಳೇ ಸುತ್ತಳತೆ” ಎಂದ.

ಶಾಲೆಗೆ ಮರಳಿ ಚೌಕುಳಿ ಹಾಳೆಯಲ್ಲಿ ಅದನ್ನೇ ಮಾಡಿದೆವು. ನಾಲ್ಕು ನಾಲ್ಕರ ಚೌಕದ ಒಂದು ಮೂಲೆಯ ಮನೆಯನ್ನು ಕತ್ತರಿಸಿದರೆ ಹರವು 15 ಆಗುತ್ತದೆ, ಸುತ್ತಳತೆ 16 ಹಾಗೇ ಉಳಿಯುತ್ತದೆ. ಬದಿಯ ನಡುವಿನ ಒಂದು ಮನೆಯನ್ನು ಕತ್ತರಿಸಿದರೆ ಹರವು 15, ಸುತ್ತಳತೆ 18. ಜಾಗ ಕಡಿಮೆಯಾದಾಗ ಅಂಚು ಹೆಚ್ಚಾಗಬಹುದು ಎಂಬುದನ್ನು ಮಕ್ಕಳು ನಂಬಲು ಹೊತ್ತು ಹಿಡಿಯಿತು. ಶಿಲ್ಪವಿಡಲು ಗೋಡೆ ಬೇಕಿದ್ದ ಹೊಯ್ಸಳರ ಕೆಲಸಗಾರರಿಗೆ ಇದರಿಂದ ಲಾಭವಾಗಿದೆ. ನಮ್ಮೂರಿನ ರೈತರಿಗೆ ನಷ್ಟವಾಗುತ್ತದೆ. 33 ಅಡಿ ಉದ್ದ, 33 ಅಡಿ ಅಗಲದ ಚೌಕವೆಂದರೆ ಒಂದು ಗುಂಟೆ, 1,089 ಚದರ ಅಡಿ. ಸುತ್ತ ಬೇಲಿ 132 ಅಡಿ. ಅಣ್ಣತಮ್ಮಂದಿರು ಹಿಸ್ಸೆಯಾಗಿ ಅದೇ ಒಂದು ಗುಂಟೆ 99 ಅಡಿ ಉದ್ದ, 11 ಅಡಿ ಅಗಲದ ಪಟ್ಟಿಯಾಗಿ ಪಾಲಿಗೆ ಬಂದರೆ ಪಹಣಿಯಲ್ಲಿ ಅದೂ ಒಂದೇ ಗುಂಟೆ, ಬೇಲಿ ಮಾತ್ರ 220 ಅಡಿ. ಈ ಲೆಕ್ಕ ಮಾಡಿಸಿದ ದಿನ ಒಬ್ಬ ಹುಡುಗ “ನಮ್ದು ಪಟ್ಟಿ ಹೊಲ ಮಿಸ್, ಅದಕ್ಕೇ ಅಪ್ಪ ತಂತಿ ಹಾಕ್ಸಿಲ್ಲ” ಎಂದು ಹೇಳಿ ಪುಸ್ತಕಕ್ಕೆ ತಲೆ ಬಗ್ಗಿಸಿದ. ಅವನಿಗೆ ಏನು ಹೇಳಬೇಕೆಂದು ನನಗೆ ತೋಚಲಿಲ್ಲ.

ಹದಿನಾರು ಅಡಿಯ ಹಗ್ಗ

ಇದಕ್ಕೆಲ್ಲ ಹೊತ್ತು ಎಲ್ಲಿದೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ, ಆ ಪ್ರಶ್ನೆ ನ್ಯಾಯವಾದದ್ದೇ. ಒಂದು ಆಕಾಶಬುಟ್ಟಿಗೆ ನಾಲ್ಕು ಪೀರಿಯಡ್ ಹೋಗುತ್ತದೆ, ಅಷ್ಟರಲ್ಲಿ ಅಭ್ಯಾಸದ ಲೆಕ್ಕಗಳನ್ನೆಲ್ಲ ಹಲಗೆಯ ಮೇಲೆ ಬಿಡಿಸಿ ಮುಗಿಸಬಹುದು. ನಾನು ಮಾಡುವುದಿಷ್ಟು: ವರ್ಷಕ್ಕೆ ಎರಡು ಹಬ್ಬ ಮಾತ್ರ, ಅದೂ ಪೂರ್ತಿಯಾಗಿ. ಮೊದಲಿನಂತೆ ಪ್ರತಿ ಹಬ್ಬಕ್ಕೂ ಒಂದು ಚಿತ್ರ ಅಂಟಿಸುವುದನ್ನು ಬಿಟ್ಟಿದ್ದೇನೆ. ಹಾಗೆ ಬಿಟ್ಟದ್ದರಿಂದಲೇ ಆ ನಾಲ್ಕು ಪೀರಿಯಡ್ ಸಿಕ್ಕಿತು. ಇಷ್ಟಾದರೂ ಪರೀಕ್ಷೆಯಲ್ಲಿ ಕೆಲವು ಮಕ್ಕಳು ಸುತ್ತಳತೆ ಕೇಳಿದಲ್ಲಿ ಗುಣಿಸುತ್ತಾರೆ, ಚದರ ಎಂಬುದನ್ನು ಬರೆಯಲು ಮರೆಯುತ್ತಾರೆ. ಅಂಥ ಉತ್ತರ ಕಂಡಾಗ ಕೆಂಪು ಗೆರೆ ಎಳೆಯುವ ಬದಲು ಪಕ್ಕದಲ್ಲಿ ‘ಸಾರಣೆಯೋ ಕಾರಣೆಯೋ?’ ಎಂದು ಬರೆದು ಹಿಂದಿರುಗಿಸುತ್ತೇನೆ. ಹೆಚ್ಚಿನವರು ತಾವೇ ತಿದ್ದಿಕೊಂಡು ಬರುತ್ತಾರೆ.

ಈ ವರ್ಷದ ಸಂಕ್ರಾಂತಿಗೆ ಚೌಕ ಎಳೆದುಕೊಡುವುದನ್ನು ನಿಲ್ಲಿಸಿ, ಪ್ರತಿ ಗುಂಪಿಗೂ ತುದಿ ಸೇರಿಸಿ ಗಂಟು ಹಾಕಿದ 16 ಅಡಿಯ ಒಂದೊಂದು ಹಗ್ಗ ಕೊಟ್ಟೆ. ಅದರಿಂದ ಯಾವುದಾದರೂ ಆಯತ ಮಾಡಿಕೊಂಡು ಒಳಗೆ ರಂಗೋಲಿ ಹಾಕಬೇಕು, ಎಲ್ಲರಿಗೂ ಬಣ್ಣ ಒಂದೇ ಅಳತೆ. ಒಂದು ಗುಂಪು ನಾಲ್ಕು ನಾಲ್ಕು ಮಾಡಿತು, ಇನ್ನೊಂದು ಐದು ಮೂರು, ಮತ್ತೊಂದು ಆರು ಎರಡು. ಕೊನೆಯ ಗುಂಪಿನ ಮೂವರು ಹುಡುಗಿಯರು ಹಗ್ಗವನ್ನು ಏಳು ಅಡಿ ಉದ್ದಕ್ಕೆ ಎಳೆದು ಒಂದೇ ಅಡಿ ಅಗಲ ಬಿಟ್ಟರು. ಎಲ್ಲರಿಗಿಂತ ಕಡಿಮೆ ಜಾಗ, ಏಳೇ ಚದರ ಅಡಿ. ಅದರಲ್ಲಿ ಎತ್ತೂ ಹಿಡಿಸುವುದಿಲ್ಲ, ಕಬ್ಬೂ ಹಿಡಿಸುವುದಿಲ್ಲ ಎಂದು ಉಳಿದವರು ಹೇಳುತ್ತಿದ್ದಾಗ ನಾನೂ ಹತ್ತಿರ ಹೋಗಿ, ಬೇಕಾದರೆ ಬದಲಾಯಿಸಿಕೊಳ್ಳಿ ಎಂದೆ. ಅವರು ಒಪ್ಪಲಿಲ್ಲ. ಹಗ್ಗವನ್ನು ಹಾಗೇ ಎತ್ತಿಕೊಂಡು ಹೋಗಿ ತರಗತಿಯ ಬಾಗಿಲ ಮುಂದೆ ಇಟ್ಟರು, ಏಳು ಅಡಿಯಲ್ಲೂ ಬಿಡದೆ ಎಳೆಬಳ್ಳಿ ಹಾಕಿದರು, ಬಣ್ಣ ಮುಗಿಯದೆ ಅರ್ಧಕ್ಕಿಂತ ಹೆಚ್ಚು ಉಳಿಯಿತು. “ಹೊಸ್ತಿಲಿಗೆ ಇದೇ ಸರಿ ಮಿಸ್” ಎಂದು ಅವರಲ್ಲಿ ಚಿಕ್ಕವಳು ಹೇಳಿ, ಉಳಿದ ಬಣ್ಣವನ್ನು ನಾಲ್ಕು ನಾಲ್ಕರ ಗುಂಪಿಗೆ ಕೊಡಲು ಓಡಿದಳು. ಅವರದು ಆಗಲೇ ಖಾಲಿಯಾಗಿತ್ತು.